ಹುಳಕ್ಕೆ ಹತ್ತುವ ಹಸಿರು ಬೂಷ್ಟು

ಹೋದ ವರ್ಷ ಸೆಪ್ಟೆಂಬರಿನಲ್ಲಿ ತೋಟದ ತಗ್ಗಿನ ಸಾಲಿನಲ್ಲಿ ಒಂದು ಅಡಿಕೆ ಮರದ ಬುಡ ಬಿಡಿಸುತ್ತಿದ್ದೆವು. ಸೋಗೆ ಹಳದಿಗೆ ತಿರುಗಿತ್ತು. ಕೈಯಿಂದ ತಳ್ಳಿದರೆ ಮರ ಬುಡಸಮೇತ ಅಲ್ಲಾಡುತ್ತಿತ್ತು. ಗುದ್ದಲಿ ಒಂದು ಗೇಣು ಇಳಿಯುವಷ್ಟರಲ್ಲಿ ಹುಳಗಳು ಸಿಕ್ಕವು. ಕೈಬೆರಳಿನ ದಪ್ಪ, ಬಿಳಿ ಮೈ, ಕಂದು ತಲೆ, ಅರ್ಧಚಂದ್ರದ ಹಾಗೆ ಸುರುಟಿಕೊಂಡು ಮಲಗಿದ್ದವು. ನಮ್ಮ ಕಡೆ ಬೇರುಹುಳ ಅನ್ನುತ್ತೇವೆ, ಬಯಲುಸೀಮೆಯವರಿಗೆ ಗೊಣ್ಣೆಹುಳ. ಮಣ್ಣಿನಲ್ಲಿ ಮೊಟ್ಟೆ ಇಡುವ ದುಂಬಿಯ ಮರಿ ಇದು.

ಆರು ಹುಳ ಸಿಕ್ಕ ಮೇಲೆ ಏಳನೆಯದು ಬೇರೆ ಥರ ಇತ್ತು. ಮುಟ್ಟಿದರೆ ಮೆತ್ತಗಿಲ್ಲ, ಗಟ್ಟಿ. ಕಾಲು ಅಲ್ಲಾಡಿಸಲಿಲ್ಲ. ಮೈಯ ಮಡಿಕೆಗಳಲ್ಲಿ ಹತ್ತಿಯ ಎಳೆಯಂಥ ಬಿಳಿ, ಅದರ ಮೇಲೆ ಪಾಚಿ ಬಣ್ಣದ ಹುಡಿ. ಬೆರಳಿನಲ್ಲಿ ಒತ್ತಿದಾಗ ಪುಡಿಯಾಯಿತು, ಬೆರಳು ಹಸಿರಾಯಿತು. ಆ ಸಾಲಿಗೆ ನಾವು ಏನನ್ನೂ ಹಾಕಿರಲಿಲ್ಲ. ಆ ಹುಳವನ್ನು ಕೊಂದ ಜೀವಿ ನಮ್ಮ ಮಣ್ಣಿನಲ್ಲಿ ತಾನಾಗಿಯೇ ಇತ್ತು.

ಅದರ ಹೆಸರು ಮೆಟರೈಜಿಯಂ. ಕೃಷಿ ಇಲಾಖೆಯ ಕೌಂಟರಿನಲ್ಲಿ, ಗೊಬ್ಬರದ ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುವುದೂ ಇದನ್ನೇ. ತಂದು ಹಾಕಿದವರಲ್ಲಿ ಅರ್ಧ ಜನ ‘ಏನೂ ಆಗ್ಲಿಲ್ಲ, ಸುಮ್ನೆ ದುಡ್ಡು ದಂಡ’ ಅನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ತಪ್ಪು ಶಿಲೀಂಧ್ರದ್ದೂ ಅಲ್ಲ. ನಾವು ಅದನ್ನು ಔಷಧಿ ಅಂದುಕೊಂಡು ಹಾಕುತ್ತೇವೆ. ಅದು ಔಷಧಿಯಲ್ಲ, ಹೆಪ್ಪು. ಹಾಲಿಗೆ ಹಾಕುವ ಹೆಪ್ಪಿನ ಹಾಗೆ ಜೀವ ಇರುವ ವಸ್ತು. ಕುದಿಯುವ ಹಾಲಿಗೆ ಹೆಪ್ಪು ಹಾಕಿ ಮೊಸರಾಗಲಿಲ್ಲ ಅಂದರೆ ಯಾರನ್ನು ಬೈಯುವುದು? ಆದ್ದರಿಂದ ಇದು ಹೇಗೆ ಬದುಕುತ್ತದೆ, ಹೇಗೆ ಕೊಲ್ಲುತ್ತದೆ ಅನ್ನುವುದನ್ನು ಮೊದಲು ನೋಡೋಣ. ಅದು ಗೊತ್ತಾದರೆ ಯಾವಾಗ ಹಾಕಬೇಕು, ಎಲ್ಲಿ ಹಾಕಬೇಕು ಅನ್ನುವುದು ತಾನೇ ತಿಳಿಯುತ್ತದೆ.

ಬಾಯಿಂದಲ್ಲ, ಚರ್ಮದಿಂದ

ಮಳೆಗಾಲದಲ್ಲಿ ಚಪ್ಪಲಿಗೆ, ಉಪ್ಪಿನಕಾಯಿ ಭರಣಿಯ ಬಾಯಿಗೆ ಹಿಡಿಯುತ್ತದಲ್ಲ ಬೂಷ್ಟು, ಮೆಟರೈಜಿಯಂ ಕೂಡ ಅಂಥದ್ದೇ ಒಂದು ಶಿಲೀಂಧ್ರ. ವ್ಯತ್ಯಾಸ ಇಷ್ಟೇ: ಚಪ್ಪಲಿಯ ಬೂಷ್ಟು ಸತ್ತ ವಸ್ತುವನ್ನು ತಿನ್ನುತ್ತದೆ, ಇದು ಜೀವಂತ ಕೀಟವನ್ನೇ ಹಿಡಿಯುತ್ತದೆ. ಇದರ ಜೊತೆಗೆ ಕೇಳಿಬರುವ ಇನ್ನೊಂದು ಹೆಸರು ಬವೇರಿಯಾ. ಬವೇರಿಯಾ ಹಿಡಿದ ಹುಳ ಬೆಳ್ಳಗಾಗುತ್ತದೆ, ಮೆಟರೈಜಿಯಂ ಹಿಡಿದದ್ದು ಹಸಿರಾಗುತ್ತದೆ. ಟ್ರೈಕೊಡರ್ಮಾ ಇವೆರಡರ ಸಾಲಿಗೆ ಸೇರುವುದಿಲ್ಲ. ಅದು ಬೇರು ಕೊಳೆಸುವ ರೋಗದ ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತದೆ, ಹುಳಕ್ಕೆ ಏನೂ ಮಾಡುವುದಿಲ್ಲ. ಅಂಗಡಿಯಲ್ಲಿ ಮೂರೂ ಪ್ಯಾಕೆಟ್ ಒಂದೇ ಥರ ಕಾಣುತ್ತವೆ. ಬೇರುಹುಳಕ್ಕೆ ಅಂತ ಟ್ರೈಕೊಡರ್ಮಾ ಹಾಕಿ ಕಾದವರನ್ನು ನಾನು ನೋಡಿದ್ದೇನೆ.

ಮೆಟರೈಜಿಯಂನ ಹಸಿರು ಹುಡಿ ಅಂದರೆ ಅದರ ಬೀಜಕಣಗಳು. ಒಂದೊಂದು ಕಣ ನಮ್ಮ ತಲೆಕೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟು ಉದ್ದ. ಮಣ್ಣಿನಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ, ಹುಡುಕಿಕೊಂಡು ಹೋಗುವುದಿಲ್ಲ. ಬೇರು ತಿನ್ನುತ್ತಾ ಮಣ್ಣು ಸೀಳಿಕೊಂಡು ಹೋಗುವ ಹುಳದ ಮೈಗೆ ತಾಗಿದಾಗ ಅಂಟಿಕೊಳ್ಳುತ್ತದೆ. ಬೀಜಕಣದ ಹೊರಪದರ ನೀರನ್ನು ದೂರ ತಳ್ಳುವಂಥದ್ದು, ಹುಳದ ಚರ್ಮದ ಮೇಲಿನ ಮೇಣವೂ ಹಾಗೆಯೇ. ಎಣ್ಣೆಗೆ ಎಣ್ಣೆ ಸೇರಿದ ಹಾಗೆ ಎರಡೂ ಹತ್ತಿಕೊಳ್ಳುತ್ತವೆ. ಈ ಪುಡಿಯನ್ನು ಬರೀ ನೀರಿಗೆ ಹಾಕಿದರೆ ಬೀಜಕಣ ಸರಿಯಾಗಿ ಕದಡದೆ ಮೇಲೆ ತೇಲಾಡುವುದಕ್ಕೂ ಇದೇ ಕಾರಣ.

ಅಂಟಿದ ಮೇಲೆ ತೇವ ಸಿಕ್ಕರೆ ಒಂದು ದಿನದೊಳಗೆ ಮೊಳಕೆ ಒಡೆಯುತ್ತದೆ. ಮೊಳಕೆಯ ತುದಿ ಉಬ್ಬಿ ಗುಂಡಿಯ ಹಾಗೆ ಚರ್ಮಕ್ಕೆ ಒತ್ತಿ ಕೂರುತ್ತದೆ. ಆಮೇಲೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ಕಿಣ್ವಗಳು ಚರ್ಮದ ಕೊಬ್ಬು, ಪ್ರೋಟೀನು, ಕೈಟಿನ್ ಅನ್ನುವ ಗಟ್ಟಿ ವಸ್ತು ಎಲ್ಲವನ್ನೂ ಕರಗಿಸುತ್ತವೆ. ಇನ್ನೊಂದು ಕಡೆ ಗುಂಡಿಯೊಳಗಿನ ಒತ್ತಡ ಒಂದು ಸಣ್ಣ ಸೂಜಿಯನ್ನು ಒಳಕ್ಕೆ ತಳ್ಳುತ್ತದೆ. ಬೇಲಿಯ ಗೂಟವನ್ನು ಮಣ್ಣು ನೆನೆಸಿ ಹೊಡೆಯುತ್ತೇವಲ್ಲ, ಅದೇ ಉಪಾಯ.

ಒಂದು ವಿಷಯವನ್ನು ಗಮನಿಸಬೇಕು. ಹುಳ ಕೊಲ್ಲಲು ಬಳಸುವ ಬಿಟಿ ಬ್ಯಾಕ್ಟೀರಿಯಾ ಆಗಲಿ, ಎನ್‌ಪಿವಿ ವೈರಸ್ ಆಗಲಿ, ಹುಳ ಬಾಯಿಂದ ತಿಂದರೆ ಮಾತ್ರ ಕೆಲಸ ಮಾಡುತ್ತವೆ. ಶಿಲೀಂಧ್ರಕ್ಕೆ ಬಾಯಿಯ ದಾರಿ ಬೇಕಿಲ್ಲ, ಚರ್ಮದಿಂದಲೇ ನುಗ್ಗುತ್ತದೆ. ಆದ್ದರಿಂದಲೇ ಎಲೆ ತಿನ್ನದೆ ರಸ ಹೀರುವ ಕೀಟಗಳಿಗೂ, ಮಣ್ಣಿನೊಳಗೆ ಅವಿತಿರುವ ಹುಳಗಳಿಗೂ ಇದು ಹತ್ತುತ್ತದೆ.

ಒಳಗೆ ಹೋದ ಶಿಲೀಂಧ್ರ ಹುಳದ ರಕ್ತದಲ್ಲಿ ಸಣ್ಣ ಸಣ್ಣ ತುಣುಕಾಗಿ ಒಡೆದು ಹೆಚ್ಚುತ್ತದೆ. ಹುಳ ಸುಮ್ಮನಿರುವುದಿಲ್ಲ. ಅದರ ರಕ್ತಕಣಗಳು ಬಂದು ಸುತ್ತುವರಿಯುತ್ತವೆ, ಹೊಕ್ಕ ಜಾಗವನ್ನು ಕಪ್ಪು ಗಂಟು ಕಟ್ಟಿ ಮುಚ್ಚಲು ನೋಡುತ್ತವೆ. ಬದುಕಿರುವ ಹುಳದ ಮೈಮೇಲೆ ಕಂದು ಚುಕ್ಕೆ ಕಂಡರೆ ಒಳಗೆ ಈ ಹೋರಾಟ ನಡೆದಿರಬಹುದು. ಮೆಟರೈಜಿಯಂ ಇದಕ್ಕೂ ಒಂದು ದಾರಿ ಕಂಡುಕೊಂಡಿದೆ. ರಕ್ತಕ್ಕೆ ಇಳಿದ ಕೂಡಲೇ ತನ್ನ ಮೈಗೆ ಒಂದು ಪ್ರೋಟೀನಿನ ಮುಸುಕು ಹಾಕಿಕೊಳ್ಳುತ್ತದೆ. ರಕ್ತಕಣಗಳಿಗೆ ಗುರುತು ಸಿಗುವುದಿಲ್ಲ. ಜೊತೆಗೆ ಡಿಸ್ಟ್ರಕ್ಸಿನ್ ಅನ್ನುವ ವಿಷವನ್ನೂ ಬಿಡುತ್ತದೆ. ಹುಳ ಮಂಕಾಗುತ್ತದೆ, ತಿನ್ನುವುದನ್ನು ಬಿಡುತ್ತದೆ, ಸಾಯುತ್ತದೆ. ಆಮೇಲೆ ಮೈ ಗಟ್ಟಿಯಾಗುತ್ತದೆ, ಕೊಳೆಯುವುದಿಲ್ಲ. ತೇವ ಇದ್ದರೆ ಮಡಿಕೆಗಳ ಸಂದಿಯಿಂದ ಬಿಳಿ ಎಳೆ ಹೊರಗೆ ಬಂದು, ಕೆಲವು ದಿನಗಳಲ್ಲಿ ಹಸಿರು ಹುಡಿ ಕಟ್ಟುತ್ತದೆ. ನನಗೆ ಸಿಕ್ಕ ಏಳನೇ ಹುಳ ಈ ಹಂತದಲ್ಲಿತ್ತು.

ಇದಕ್ಕೆಲ್ಲ ಎಷ್ಟು ದಿನ? ಸಣ್ಣ ಮರಿಯಾದರೆ ಒಂದೆರಡು ವಾರ. ಬಲಿತ ಹುಳಕ್ಕೆ ಮೂರು ನಾಲ್ಕು ವಾರವೂ ಬೇಕಾದೀತು, ಕೆಲವು ತಪ್ಪಿಸಿಕೊಂಡೂ ಬಿಡುತ್ತವೆ. ಫೊರೇಟ್ ಅನ್ನುವ ಕೀಟನಾಶಕದ ಹರಳು ಹಾಕಿದ ಮಾರನೇ ದಿನ ಸತ್ತ ಹುಳ ನೋಡಿ ರೂಢಿಯಾದ ಕಣ್ಣಿಗೆ ಇದು ತುಂಬಾ ನಿಧಾನ. ಫೊರೇಟ್ ಈಗಿಲ್ಲ, 2020ರ ಡಿಸೆಂಬರ್ ಕೊನೆಗೆ ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದ್ದಾರೆ. ಆ ವಾಸನೆ ಮೂಗಿಗೆ ಹತ್ತಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಸುಣ್ಣಕಟ್ಟಿನಿಂದ ಶುರುವಾದ ಕಥೆ

ರೇಷ್ಮೆ ಸಾಕಿದವರಿಗೆ ಸುಣ್ಣಕಟ್ಟು ರೋಗ ಗೊತ್ತು. ಹುಳ ಸತ್ತು ಸೀಮೆಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಒಂದು ತಟ್ಟೆಗೆ ಬಂದರೆ ಮನೆಯೆಲ್ಲ ಹಬ್ಬುತ್ತದೆ. ಈ ರೋಗ ತರುವುದು ಬವೇರಿಯಾ.

ಇನ್ನೂರು ವರ್ಷದ ಹಿಂದೆ ಇಟಲಿಯ ರೇಷ್ಮೆ ಸಾಕಣೆದಾರರೂ ಇದೇ ಕಾಟದಲ್ಲಿ ಒದ್ದಾಡುತ್ತಿದ್ದರು. ಅವರು ರೋಗಕ್ಕೆ ಇಟ್ಟ ಹೆಸರು ಕಾಲ್ಚಿನೋ. ಅದು ಹುಟ್ಟಿದ್ದೂ ಸುಣ್ಣ ಅನ್ನುವ ಮಾತಿನಿಂದಲೇ. ನಮ್ಮ ಸುಣ್ಣಕಟ್ಟು, ಅವರ ಕಾಲ್ಚಿನೋ, ಒಬ್ಬರ ಪದವನ್ನು ಇನ್ನೊಬ್ಬರು ತೆಗೆದುಕೊಂಡದ್ದು ನನಗೆ ಗೊತ್ತಿಲ್ಲ. ಎರಡೂ ಕಡೆಯ ಜನ ಒಂದೇ ವಸ್ತುವನ್ನು ನೋಡಿ ಒಂದೇ ಹೆಸರು ಇಟ್ಟಿದ್ದಾರೆ. ನನಗೆ ಇದು ಬಹಳ ಇಷ್ಟವಾದ ವಿಷಯ.

ಲೋದಿ ಊರಿನ ಕಡೆಯ ಅಗೋಸ್ಟಿನೊ ಬಾಸಿ ವರ್ಷಗಟ್ಟಲೆ ಈ ರೋಗದ ಹಿಂದೆ ಬಿದ್ದರು. ಸತ್ತ ಹುಳದ ಬಿಳಿ ಹುಡಿಯನ್ನು ಆರೋಗ್ಯದ ಹುಳಕ್ಕೆ ತಾಗಿಸಿದರೆ ಅದಕ್ಕೂ ಅದೇ ರೋಗ ಬರುತ್ತದೆ, ಆ ಹುಡಿ ಒಂದು ಜೀವಂತ ಶಿಲೀಂಧ್ರ ಅಂತ 1835ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗಳಿಗೆ ರೋಗ ಬರಬಹುದು ಅಂತ ತೋರಿಸಿದ ಮೊದಲಿಗರಲ್ಲಿ ಅವರೊಬ್ಬರು, ಪಾಶ್ಚರ್‌ಗಿಂತಲೂ ಮುಂಚೆ. ಬವೇರಿಯಾ ಬಾಸಿಯಾನಾ ಅನ್ನುವ ಹೆಸರಿನಲ್ಲಿ ಉಳಿದಿರುವುದು ಇದೇ ಬಾಸಿ.

ರೋಗವನ್ನೇ ಮದ್ದಾಗಿ ತಿರುಗಿಸುವ ಕೆಲಸ ನಡೆದದ್ದು ಸುಮಾರು ನಲವತ್ತು ವರ್ಷದ ಮೇಲೆ, ಈಗಿನ ಉಕ್ರೇನಿನ ಒಡೆಸ್ಸಾದಲ್ಲಿ. ಅಲ್ಲಿನ ಗೋಧಿ ಹೊಲಗಳನ್ನು ಅನಿಸೋಪ್ಲಿಯಾ ಅನ್ನುವ ದುಂಬಿ ಹಾಳು ಮಾಡುತ್ತಿತ್ತು. ಇಲ್ಯಾ ಮೆಚ್ನಿಕಾಫ್ ಅನ್ನುವ ವಿಜ್ಞಾನಿ ಆ ದುಂಬಿಯ ಹುಳಗಳಲ್ಲಿ ಹಸಿರು ಬೂಷ್ಟು ಹಿಡಿದವನ್ನು ಆರಿಸಿ, 1879ರಲ್ಲಿ ಆ ಶಿಲೀಂಧ್ರವನ್ನು ವಿವರಿಸಿದರು. ದುಂಬಿಯ ಹೆಸರೇ ಶಿಲೀಂಧ್ರಕ್ಕೆ ಅಂಟಿತು, ಮೆಟರೈಜಿಯಂ ಅನಿಸೋಪ್ಲಿಯೇ. ಅದನ್ನು ಬೇರೆಯಾಗಿ ಬೆಳೆಸಿ ಹೊಲಕ್ಕೆ ಹಾಕಬಹುದು ಅನ್ನುವ ಯೋಚನೆ ಅವರದು. 1884ರಲ್ಲಿ ಉಕ್ರೇನಿನ ಸ್ಮೇಲಾದಲ್ಲಿ ಇನ್ನೊಬ್ಬ ವಿಜ್ಞಾನಿ ಕ್ರಾಸಿಲ್‌ಶಿಕ್ ಇದನ್ನು ತಯಾರಿಸುವ ಒಂದು ಘಟಕವನ್ನೇ ನಡೆಸಿದರು, ಸಕ್ಕರೆ ಬೀಟ್ ಹೊಲಗಳ ಮೂತಿಹುಳಕ್ಕಾಗಿ. ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಬಂದದ್ದು ರಕ್ತಕಣಗಳು ರೋಗಾಣುಗಳನ್ನು ನುಂಗುವುದನ್ನು ಕಂಡುಹಿಡಿದದ್ದಕ್ಕೆ. ಹುಳದ ರಕ್ತಕಣಗಳ ಬಗ್ಗೆ ಆಗಲೇ ಹೇಳಿದೆನಲ್ಲ, ಆ ತಿಳಿವಳಿಕೆಗೆ ಬುನಾದಿ ಹಾಕಿದವರೂ ಇವರೇ.

ಆಮೇಲೆ ರಾಸಾಯನಿಕಗಳ ಕಾಲ ಬಂತು, ಇದು ಮೂಲೆ ಸೇರಿತು. ಮತ್ತೆ ಹೊರಗೆ ಬಂದದ್ದು ಬೇರೆ ಬೇರೆ ದೇಶಗಳ ಕಷ್ಟಗಳಿಂದ. ಬ್ರೆಜಿಲ್‌ನಲ್ಲಿ ಕಬ್ಬಿನ ರಸ ಹೀರುವ ಕೀಟಕ್ಕೆ ಲಕ್ಷಾಂತರ ಹೆಕ್ಟೇರಿನಲ್ಲಿ ಮೆಟರೈಜಿಯಂ ಹಾಕುತ್ತಾರೆ, ಅಕ್ಕಿಯ ಮೇಲೆ ಬೆಳೆಸಿದ್ದನ್ನು. ಆಫ್ರಿಕಾದಲ್ಲಿ ಮಿಡತೆಗೆ ಒಂದು ಬೇರೆ ಜಾತಿಯ ಮೆಟರೈಜಿಯಂ ಹುಡುಕಿ, ನೀರಿನ ಬದಲು ಎಣ್ಣೆಯಲ್ಲಿ ಕದಡಿದರು. ಎಣ್ಣೆಯಲ್ಲಿದ್ದರೆ ಒಣಹವೆಯಲ್ಲೂ ಬೀಜಕಣ ಮೊಳಕೆ ಒಡೆಯುತ್ತದೆ. 2020ರ ಮಿಡತೆ ಹಾವಳಿಯಲ್ಲಿ ಸೊಮಾಲಿಯಾದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ನಮ್ಮ ಕರಾವಳಿಗೆ ಹತ್ತಿರದ ಉದಾಹರಣೆ ಬೇಕಾದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡುವುದು ಗೊಬ್ಬರದ ಗುಂಡಿಯಲ್ಲಿ. ಆದ್ದರಿಂದ ಅವರು ಶಿಲೀಂಧ್ರವನ್ನು ಮರಕ್ಕಲ್ಲ, ಗೊಬ್ಬರದ ಗುಂಡಿಗೇ ಹಾಕಿಸುತ್ತಾರೆ. ಕೇರಳದ ಹಳ್ಳಿಗಳಲ್ಲಿ ಹೆಂಗಸರ ಗುಂಪುಗಳು ಇದನ್ನು ಅರೆಬೆಂದ ಅಕ್ಕಿಯಲ್ಲಿ ಬೆಳೆಸುವುದನ್ನು ಕಲಿತಿವೆ. ಹುಳ ಎಲ್ಲಿ ಹುಟ್ಟುತ್ತದೋ ಅಲ್ಲಿಗೆ ಹೆಪ್ಪು ಹಾಕುವ ಈ ಬುದ್ಧಿ ನಮಗೂ ಬೇಕು.

ಒಂದು ಸಣ್ಣ ಲೆಕ್ಕ

ನಮ್ಮಲ್ಲಿ ಯಾಕೆ ಸೋಲುತ್ತದೆ ಅನ್ನುವುದಕ್ಕೆ ಬರೋಣ. ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಒಂದು ಗ್ರಾಂಗೆ 10 ಕೋಟಿ ಜೀವಂತ ಕಣಗಳು ಅಂತ ಬರೆದಿರುತ್ತದೆ. ಅಂದರೆ ಕಿಲೋಗೆ 10,000 ಕೋಟಿ. ಕೇಳಿದರೆ ಬೆರಗಾಗುತ್ತದೆ, ಅಲ್ವಾ?

ಈಗ ಎರಡು ಕಿಲೋ ತಂದು ಒಂದು ಎಕರೆಗೆ ಎರಚಿದಿರಿ ಅಂದುಕೊಳ್ಳಿ. ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಬೇರು ಇರುವ ಅರ್ಧ ಅಡಿ ಆಳದ ಮಣ್ಣನ್ನಷ್ಟೇ ಲೆಕ್ಕ ಹಾಕಿದರೂ 600 ಘನಮೀಟರ್ ಆಯಿತು, ತೂಕದಲ್ಲಿ 700, 800 ಟನ್. ಇಪ್ಪತ್ತು ಸಾವಿರ ಕೋಟಿ ಕಣಗಳನ್ನು ಅಷ್ಟು ಮಣ್ಣಿಗೆ ಹಂಚಿದರೆ ಒಂದು ಗ್ರಾಂ ಮಣ್ಣಿಗೆ ಇನ್ನೂರೈವತ್ತರ ಆಸುಪಾಸು ಬರುತ್ತದೆ. ಪ್ರಯೋಗಗಳಲ್ಲಿ ಗೊಣ್ಣೆಹುಳಕ್ಕೆ ರೋಗ ಚೆನ್ನಾಗಿ ಹತ್ತಬೇಕಾದರೆ ಗ್ರಾಂಗೆ ಲಕ್ಷದ ಲೆಕ್ಕದಲ್ಲಿ ಬೇಕಾಗುತ್ತದೆ. ಎಲ್ಲಿಯ ಇನ್ನೂರೈವತ್ತು, ಎಲ್ಲಿಯ ಲಕ್ಷ!

ಇದನ್ನು ಸರಿದೂಗಿಸಲು ಇರುವ ದಾರಿ ಎರಡು. ಒಂದು, ಎಲ್ಲ ಕಡೆ ಎರಚದೆ ಹುಳ ಇರುವ ಜಾಗಕ್ಕೆ ಮಾತ್ರ ಹಾಕುವುದು. ಅಡಿಕೆಯಲ್ಲಿ ಬುಡದ ಸುತ್ತ ಎರಡು ಅಡಿ, ಕಬ್ಬಿನಲ್ಲಿ ಸಾಲಿನ ಬದಿ, ಶೇಂಗಾದಲ್ಲಿ ಬಿತ್ತುವ ಸಾಲು. ಇಡೀ ತೋಟಕ್ಕೆ ಬೇಕಿಲ್ಲ. ಬೇರುಹುಳ ತೋಟದ ತುಂಬ ಒಂದೇ ಸಮನೆ ಇರುವುದಿಲ್ಲ, ತೇವ ನಿಲ್ಲುವ ತಗ್ಗಿನಲ್ಲಿ ಗುಂಪಾಗಿರುತ್ತದೆ. ಹೋದ ವರ್ಷ ಹಳದಿಯಾದ ಮರಗಳಿಗೆ ಗುರುತು ಹಾಕಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಎರಡನೆಯದು, ಹಾಕುವ ಮುಂಚೆ ಹೆಚ್ಚಿಸಿಕೊಳ್ಳುವುದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಕ್ವಿಂಟಾಲಿಗೆ ಎರಡು ಕಿಲೋ ಪುಡಿ ಬೆರೆಸಿ, ನೆರಳಿನಲ್ಲಿ ರಾಶಿ ಹಾಕಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಇಟ್ಟು, ಗೋಣಿಚೀಲ ಮುಚ್ಚಿ, ಎರಡು ವಾರ ಬಿಡುವುದು. ನಡುವೆ ಒಂದೆರಡು ಸಲ ತಿರುವಿ ಹಾಕಬೇಕು. ಇಲ್ಲಿ ಎರಡು ಎಚ್ಚರಿಕೆ ಹೇಳಬೇಕು. ಹಸಿ ಸಗಣಿಗೆ ಬೆರೆಸಬೇಡಿ, ಅದು ಕಾಯುತ್ತದೆ, ಆ ಬಿಸಿಗೆ ಶಿಲೀಂಧ್ರ ಸಾಯುತ್ತದೆ. ಇದೇ ರಾಶಿಗೆ ಟ್ರೈಕೊಡರ್ಮಾ ಹಾಕಬೇಡಿ. ಟ್ರೈಕೊಡರ್ಮಾ ಬಹಳ ಚುರುಕು, ಮೆಟರೈಜಿಯಂ ನಿಧಾನ. ಒಂದೇ ಎಲೆಗೆ ಇಬ್ಬರನ್ನೂ ಕೂರಿಸಿದರೆ ನಿಧಾನದವರಿಗೆ ಊಟ ಉಳಿಯುವುದಿಲ್ಲ. ಎರಡೂ ಬೇಕಾದರೆ ಎರಡು ರಾಶಿ ಮಾಡಿ, ಬೇರೆ ಬೇರೆ ಸಮಯಕ್ಕೆ ಹಾಕಿ.

ಗೊಬ್ಬರ ಸಿದ್ಧವಾದ ಮೇಲೆ ಬುಡದಲ್ಲಿ ಬರೀ ಮಣ್ಣಿನ ಮೇಲೆ ಚೆಲ್ಲಿ ಬರುವುದಲ್ಲ. ಮಣ್ಣು ಸ್ವಲ್ಪ ಕೆರೆದು, ಗೊಬ್ಬರ ಹಾಕಿ, ಮತ್ತೆ ಮಣ್ಣು ಅಥವಾ ಸೊಪ್ಪು ಮುಚ್ಚಬೇಕು. ಬಿಸಿಲಿನ ನೇರಳಾತೀತ ಕಿರಣ ಬೀಜಕಣವನ್ನು ಕೆಲವೇ ಗಂಟೆಗಳಲ್ಲಿ ಸಾಯಿಸಿಬಿಡುತ್ತದೆ. ಮಣ್ಣೇ ಇದರ ಮನೆ. ಮಣ್ಣಿನೊಳಗೆ ತಿಂಗಳುಗಟ್ಟಲೆ ಉಳಿಯುವ ಜೀವಿ ಎಲೆಯ ಮೇಲೆ ಬಿಸಿಲಿಗೆ ಒಂದು ದಿನವೂ ಬಾಳುವುದು ಕಷ್ಟ.

ರೋಹಿಣಿ ಮಳೆಯ ಹೊತ್ತು

ಇನ್ನು ಸಮಯ. ಇಲ್ಲೇ ಹೆಚ್ಚಿನವರು ಎಡವುವುದು. ಮರ ಹಳದಿಯಾದದ್ದು ಕಾಣುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಓಡಿಹೋಗಿ ಪ್ಯಾಕೆಟ್ ತರುತ್ತೇವೆ. ಆ ಹೊತ್ತಿಗೆ ಹುಳ ಮೂರನೇ ಹಂತಕ್ಕೆ ಬಂದು ಬಲಿತಿರುತ್ತದೆ. ಚರ್ಮ ದಪ್ಪ, ರಕ್ತಕಣಗಳು ಜೋರು, ಬೇರಿಗೆ ಆಗಬೇಕಾದ ಹಾನಿ ಆಗಿಹೋಗಿದೆ.

ಹುಳದ ವರ್ಷ ಶುರುವಾಗುವುದು ಮುಂಗಾರಿನ ಮೊದಲ ಹದ ಮಳೆಗೆ. ಬಯಲುಸೀಮೆಯಲ್ಲಿ ಕಬ್ಬು, ಶೇಂಗಾ ತಿನ್ನುವ ಜಾತಿಯ ದುಂಬಿಗಳು ಬೇಸಿಗೆಯ ಮಳೆ ಬಿದ್ದ ಸಂಜೆ ಮಣ್ಣಿನಿಂದ ಎದ್ದು ಬೇವಿನ ಮರಕ್ಕೆ, ಜಾಲಿಗೆ ಮುತ್ತುತ್ತವೆ. ಅಡಿಕೆ ತೋಟದ ಜಾತಿಗಳು ಮೇ ಕೊನೆ, ಜೂನ್ ಹೊತ್ತಿಗೆ ಏಳುತ್ತವೆ, ರೋಹಿಣಿ, ಮೃಗಶಿರಾ ಮಳೆಯ ಆಸುಪಾಸು. ಎದ್ದು, ಜೊತೆಗೂಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ಮೊಟ್ಟೆಯಿಂದ ಬಂದ ಮರಿ ಮೊದಲು ಮಣ್ಣಿನ ಸಾವಯವ ಅಂಶ, ಎಳೆ ಬೇರು ತಿನ್ನುತ್ತದೆ. ಆ ಮರಿಯ ಚರ್ಮ ತೆಳ್ಳಗೆ, ಶಿಲೀಂಧ್ರಕ್ಕೆ ಸುಲಭದ ತುತ್ತು. ಆದ್ದರಿಂದ ಗೊಬ್ಬರ ಮಣ್ಣಿಗೆ ಸೇರಬೇಕಾದದ್ದು ಜೂನ್, ಜುಲೈಯಲ್ಲಿ. ರಾಶಿ ಹಾಕಿ ಮುಚ್ಚಿಡುವ ಕೆಲಸ ಮೇ ನಡುವಿನಲ್ಲೇ ಆಗಬೇಕು. ಹುಳ ಕಣ್ಣಿಗೆ ಬೀಳುವ ಮೊದಲೇ ಹುಳಕ್ಕೆ ಹಾಕಬೇಕು. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೇ ಎರಡು ವರ್ಷ ಹಿಡಿಯಿತು.

ಮಳೆಗಾಲದ ಹವೆ ಇದಕ್ಕೆ ಹಿತ. 25ರಿಂದ 30 ಡಿಗ್ರಿ ಉಷ್ಣತೆ, ತೇವದ ಮಣ್ಣು, ಎರಡೂ ಇರುತ್ತವೆ. ಆದರೆ ನೀರು ನಿಂತು ಕೆಸರಾದರೆ ಗಾಳಿ ಸಿಗದೆ ಶಿಲೀಂಧ್ರ ಸೊರಗುತ್ತದೆ. ಬಸಿಗಾಲುವೆ ಮುಚ್ಚಿಹೋದ ತೋಟದಲ್ಲಿ ಇದನ್ನು ಹಾಕುವ ಮುಂಚೆ ಬಸಿಗಾಲುವೆ ಬಿಡಿಸುವುದು ಒಳ್ಳೆಯದು.

ಅಡಿಕೆ ಬೆಳೆಗಾರರಿಗೆ ಇನ್ನೊಂದು ತೊಡಕಿದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ಜೂನಿನಲ್ಲಿ. ಮೈಲುತುತ್ತದ ತಾಮ್ರ ಇರುವುದೇ ಶಿಲೀಂಧ್ರ ಕೊಲ್ಲಲು, ಅದಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಅನ್ನುವ ಭೇದ ಗೊತ್ತಿಲ್ಲ. ಗೊನೆಗೆ ಹೊಡೆದದ್ದು ಮಳೆಯಲ್ಲಿ ತೊಳೆದು ಬುಡಕ್ಕೇ ಇಳಿಯುತ್ತದೆ. ಬೋರ್ಡೋ ಬಿಡಿ ಅಂತ ನಾನು ಹೇಳಲಾರೆ, ಮಲೆನಾಡಿನಲ್ಲಿ ಅದನ್ನು ಬಿಟ್ಟರೆ ಗೊನೆ ಉಳಿಯುವುದಿಲ್ಲ. ನಾನು ಮಾಡುವುದು ಇಷ್ಟು: ಮೊದಲ ಬೋರ್ಡೋ ಮುಗಿಸಿ, ಹತ್ತು ಹನ್ನೆರಡು ದಿನ ಬಿಟ್ಟು, ಆಮೇಲೆ ಬುಡ ಕೆರೆದು ಮೆಟರೈಜಿಯಂ ಗೊಬ್ಬರ ಹಾಕಿ, ಮೇಲೆ ಮಣ್ಣು, ಅದರ ಮೇಲೆ ಒಣಸೋಗೆ ಹಾಕುತ್ತೇನೆ. ಎರಡನೇ ಬೋರ್ಡೋದ ಹನಿ ಸೋಗೆಯ ಮೇಲೆ ಬೀಳುತ್ತದೆ. ಬೇರಿಗೆ ಹಾಕುವ ಶಿಲೀಂಧ್ರನಾಶಕವನ್ನಂತೂ ಆ ತಿಂಗಳು ಆ ಮರಗಳಿಗೆ ಮುಟ್ಟಿಸುವುದಿಲ್ಲ.

ಇದೊಂದರಿಂದಲೇ ಎಲ್ಲ ಹುಳ ಹೋಗುತ್ತದೆ ಅಂದುಕೊಳ್ಳಬೇಡಿ. ಸಂಜೆ ಎದ್ದು ಬರುವ ದುಂಬಿಯನ್ನು ಆರಿಸಿ ಸೀಮೆಎಣ್ಣೆ ನೀರಿಗೆ ಹಾಕುವುದು, ಬಯಲುಸೀಮೆಯಲ್ಲಿ ಬೇಸಿಗೆ ಉಳುಮೆ ಮಾಡಿ ಹುಳವನ್ನು ಹಕ್ಕಿಗಳಿಗೆ ಒಡ್ಡುವುದು, ಇವೆಲ್ಲ ಜೊತೆಯಲ್ಲಿ ನಡೆಯಬೇಕು. ಕೀಟ ಕೊಲ್ಲುವ ಸಣ್ಣ ಜಂತುಹುಳಗಳೂ (ನೆಮಟೋಡ್) ಇವೆ, ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ ಅವನ್ನು ಪುಡಿಯ ರೂಪದಲ್ಲಿ ತಯಾರಿಸುವ ವಿಧಾನ ರೂಪಿಸಿದೆ. ಅದು ಬೇರೆಯದೇ ಕಥೆ.

ರೇಷ್ಮೆ ಇರುವ ಊರಿನಲ್ಲಿ ಬೇಡ

ಈ ಮಾತು ರಾಮನಗರ, ಮಂಡ್ಯ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ. ಬವೇರಿಯಾ ಅಂದರೆ ಸುಣ್ಣಕಟ್ಟೇ. ಟೊಮ್ಯಾಟೊಗೆ ಹೊಡೆದ ಬವೇರಿಯಾ ಗಾಳಿಯಲ್ಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿಗೆ ಕೂತು, ಸೊಪ್ಪು ಸಾಕಣೆ ಮನೆಗೆ ಹೋದರೆ ಆ ಬೆಳೆ ಮುಗಿದಂತೆ. ಮೆಟರೈಜಿಯಂ ಕೂಡ ರೇಷ್ಮೆಹುಳಕ್ಕೆ ಹತ್ತಬಲ್ಲದು. ನಿಮ್ಮ ಮನೆಯಲ್ಲಿ ರೇಷ್ಮೆ ಇಲ್ಲದಿರಬಹುದು, ಪಕ್ಕದವರ ಮನೆಯಲ್ಲಿದೆಯಾ ಅಂತ ಒಂದು ಮಾತು ಕೇಳಿ. ಜೈವಿಕ ಅಂದ ಮಾತ್ರಕ್ಕೆ ಎಲ್ಲರಿಗೂ ಹಿತ ಅಂತ ಅರ್ಥವಲ್ಲ.

ಮನುಷ್ಯರಿಗೆ, ದನಕರುಗಳಿಗೆ ಇದರಿಂದ ಭಯ ಕಡಿಮೆ. ನಮ್ಮ ಮೈಯ ಬಿಸಿಗೆ ಇದರ ಹೆಚ್ಚಿನ ತಳಿಗಳು ಬೆಳೆಯುವುದಿಲ್ಲ. ಎರೆಹುಳಕ್ಕೂ ತೊಂದರೆ ಕಂಡಿಲ್ಲ. ಆದರೂ ಒಣ ಪುಡಿ ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಯಾವ ಬೂಷ್ಟಿನ ಹುಡಿಯಾದರೂ ದಮ್ಮು ಇರುವವರಿಗೆ ಆಗುವುದಿಲ್ಲ.

ಪ್ಯಾಕೆಟ್ ಕೊಳ್ಳುವಾಗ ತಯಾರಾದ ತಾರೀಕು ನೋಡಿ. ಇದನ್ನೂ ಕೀಟನಾಶಕ ಕಾಯ್ದೆಯಡಿ ನೋಂದಾಯಿಸಬೇಕು. ಆದ್ದರಿಂದ ನೋಂದಣಿ ಸಂಖ್ಯೆ, ಬ್ಯಾಚ್, ಗ್ರಾಂಗೆ ಎಷ್ಟು ಜೀವಂತ ಕಣ, ಅವಧಿ ಮುಗಿಯುವ ದಿನ ಎಲ್ಲವೂ ಮೇಲೆ ಇರಬೇಕು. ಒಮ್ಮೆ ನಾನು ತಂದ ಚೀಲ ಅಂಗಡಿಯ ತಗಡಿನ ಮಾಡಿನ ಕೆಳಗೆ ಏಪ್ರಿಲ್, ಮೇ ಎರಡೂ ತಿಂಗಳು ಕಳೆದಿತ್ತು. ಅವಧಿ ಮುಗಿದಿರಲಿಲ್ಲ, ಒಳಗಿನ ಜೀವ ಮಾತ್ರ ಮುಗಿದಿತ್ತು. ಅದು ಗೊತ್ತಾದದ್ದು ಆ ಮಳೆಗಾಲ ಪೂರ್ತಿ ಕಳೆದ ಮೇಲೆ. ಈಗ ತಂದ ಕೂಡಲೇ ಮನೆಯ ತಂಪಾದ ಮೂಲೆಯಲ್ಲಿಡುತ್ತೇನೆ, ಬಳಸುವ ಮುಂಚೆ ಪರೀಕ್ಷೆ ಮಾಡುತ್ತೇನೆ. ಆ ಪರೀಕ್ಷೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಬೇರಿನ ನೆಂಟ

ಮೆಟರೈಜಿಯಂ ಬಗ್ಗೆ ನನಗೆ ಗೌರವ ಬಂದದ್ದು ಹುಳ ಕೊಲ್ಲುವುದನ್ನು ನೋಡಿ ಅಲ್ಲ. ಅದಕ್ಕೆ ಇನ್ನೊಂದು ಮುಖವಿದೆ. ಹುಳ ಇಲ್ಲದ ಕಾಲದಲ್ಲಿ ಅದು ಗಿಡದ ಬೇರಿಗೆ ಅಂಟಿಕೊಂಡು ಬದುಕುತ್ತದೆ. ಬೀಜಕಣದ ಮೇಲೆ ಎರಡು ಬಗೆಯ ಅಂಟು ಇರುತ್ತದೆ, ಒಂದು ಕೀಟದ ಚರ್ಮಕ್ಕೆ ಹತ್ತಲು, ಇನ್ನೊಂದು ಬೇರಿಗೆ ಹತ್ತಲು.

ಕೆನಡಾದ ಬ್ರಾಕ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೀಗಿದೆ. ಗುರುತು ಹಿಡಿಯಬಹುದಾದ ಸಾರಜನಕವನ್ನು ಹುಳಗಳ ಮೈಗೆ ಸೇರಿಸಿದರು. ಆ ಹುಳಗಳಿಗೆ ಮೆಟರೈಜಿಯಂ ಹತ್ತಿಸಿ ಮಣ್ಣಿನಲ್ಲಿಟ್ಟರು. ಹುಳಕ್ಕೂ ಹುರುಳಿಕಾಯಿ ಗಿಡದ ಬೇರಿಗೂ ನಡುವೆ ಸಣ್ಣ ಜಾಲರಿ ಇತ್ತು, ಬೇರು ದಾಟಲಾಗದಷ್ಟು ಸಣ್ಣದು, ಶಿಲೀಂಧ್ರದ ಎಳೆ ಮಾತ್ರ ದಾಟಬಲ್ಲದು. ಎರಡು ವಾರಕ್ಕೆ ನೋಡಿದಾಗ ಹುಳದ ಸಾರಜನಕ ಗಿಡದ ಎಲೆಯಲ್ಲಿತ್ತು. ಶಿಲೀಂಧ್ರ ಹುಳವನ್ನು ತಿಂದು ಅದರ ಪಾಲನ್ನು ಬೇರಿಗೆ ತಂದು ಕೊಟ್ಟಿತ್ತು. ಅದಕ್ಕೆ ಬದಲಾಗಿ ಗಿಡ ಸಕ್ಕರೆ ಕೊಡುತ್ತದೆ ಅನ್ನುವುದೂ ಆಮೇಲಿನ ಪ್ರಯೋಗಗಳಲ್ಲಿ ಗೊತ್ತಾಯಿತು.

ಅಂದರೆ ನಮ್ಮ ಅಡಿಕೆ ಬೇರು ತಿಂದು ಬೆಳೆದ ಹುಳ, ಈ ಎಳೆಗಳ ದಾರಿಯಲ್ಲಿ ಮತ್ತೆ ಬೇರಿಗೇ ಗೊಬ್ಬರವಾಗಿ ಹೋಗಬಹುದು. ಅಡಿಕೆಯಲ್ಲಿ ಇದನ್ನು ಅಳೆದು ನೋಡಿದ ಪ್ರಯೋಗ ನಾನು ಓದಿಲ್ಲ, ಆದ್ದರಿಂದ ಆಗಿಯೇ ಆಗುತ್ತದೆ ಅನ್ನಲಾರೆ. ಆದರೆ ಕಳೆ ಪೂರ್ತಿ ಕೆತ್ತಿ ಬೋಳು ಮಾಡಿದ ತೋಟಕ್ಕಿಂತ, ನೆಲದ ಮೇಲೆ ಹುಲ್ಲು, ಸೊಪ್ಪು, ಬೇರು ಇರುವ ತೋಟ ಇದಕ್ಕೆ ಹಿತ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಏಳನೇ ಹುಳ ಸಿಕ್ಕ ಆ ತಗ್ಗಿನ ಸಾಲಿನಲ್ಲಿ ನಾವು ಕಳೆನಾಶಕ ಹೊಡೆದು ನಾಲ್ಕು ವರ್ಷವಾಗಿತ್ತು.

ಈಗ ಪರೀಕ್ಷೆ. ಬುಡ ಬಿಡಿಸಿದಾಗ ಸಿಕ್ಕ ಹುಳಗಳಲ್ಲಿ ಗಾಯವಾಗದ ಹದಿನೈದನ್ನು ಆರಿಸಿಕೊಳ್ಳಿ. ಹದಿನೈದು ಸಣ್ಣ ಡಬ್ಬಿ ಬೇಕು, ಒಟ್ಟಿಗೆ ಹಾಕಿದರೆ ಒಂದನ್ನೊಂದು ಕಚ್ಚುತ್ತವೆ. ಮುಚ್ಚಳಕ್ಕೆ ಎರಡು ತೂತು. ತೋಟದ ಮಣ್ಣನ್ನು ಜರಡಿ ಹಿಡಿದು, ಉಂಡೆ ಕಟ್ಟಿದರೆ ನಿಲ್ಲುವಷ್ಟು ತೇವ ಮಾಡಿ. ಹತ್ತು ಡಬ್ಬಿಯ ಮಣ್ಣಿಗೆ ಪ್ಯಾಕೆಟ್ಟಿನ ಪುಡಿಯನ್ನು ಡಬ್ಬಿಗೆ ಕಾಲು ಚಮಚದಂತೆ ಬೆರೆಸಿ, ಐದನ್ನು ಹಾಗೇ ಬಿಡಿ. ತಿನ್ನಲು ಒಂದೊಂದು ಚೂರು ಆಲೂಗಡ್ಡೆ ಹಾಕಿ, ವಾರಕ್ಕೆರಡು ಸಲ ಬದಲಿಸಿ. ಮಂಚದ ಕೆಳಗೆ, ಕತ್ತಲಲ್ಲಿ ಇಡಿ. ಸತ್ತದ್ದನ್ನು ಎಸೆಯಬೇಡಿ, ಒದ್ದೆ ಕಾಗದದಲ್ಲಿ ಸುತ್ತಿ ಅದೇ ಡಬ್ಬಿಯಲ್ಲಿಡಿ. ಕಪ್ಪಾಗಿ ಕೊಳೆತು ನಾರಿದರೆ ಅದು ಬೇರೆ ಕಾರಣಕ್ಕೆ ಸತ್ತದ್ದು. ಗಟ್ಟಿಯಾಗಿ, ಬಿಳಿ ಎಳೆ ಬಂದು, ಹಸಿರಾದರೆ ಪ್ಯಾಕೆಟ್ಟಿನಲ್ಲಿ ಜೀವವಿದೆ. ಮೂರು ನಾಲ್ಕು ವಾರ ಕಾಯಬೇಕು. ಈ ಸಲ ನನ್ನ ಹತ್ತರಲ್ಲಿ ಏಳು ಹಸಿರಾದವು. ಪುಡಿ ಹಾಕದ ಐದರಲ್ಲಿ ಒಂದು ಸತ್ತಿತು, ಅದು ಕೊಳೆಯಿತು.

ಹಸಿರಾದ ಏಳನ್ನೂ ಕೈಯಲ್ಲಿ ಪುಡಿ ಮಾಡಿ, ಒಂದು ಬುಟ್ಟಿ ಗೊಬ್ಬರಕ್ಕೆ ಬೆರೆಸಿ, ಅಲ್ಲಾಡುತ್ತಿದ್ದ ಆ ಮರದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದ್ದೇನೆ.